ಆನೆ ಮೆಸೇಜೂ ಅಲ್ಲೇ, ರೀಲ್ಸೂ ಅಲ್ಲೇ

ಮಾರ್ಚ್ ತಿಂಗಳಲ್ಲಿ ಸಕಲೇಶಪುರ ಕಡೆಯ ಕಾಫಿ ಬೆಳೆಗಾರರ ಹತ್ತಿರ ಹೋಗಿ, ಫೋನ್ ಸ್ವಲ್ಪ ಪಕ್ಕಕ್ಕಿಡಿ ಅಂತ ಹೇಳಿ ನೋಡಿ. ಯಾರೂ ಇಡುವುದಿಲ್ಲ. ಸುತ್ತಲ ಊರುಗಳ ಮಳೆ ಸುದ್ದಿ ಅದರಲ್ಲೇ ಬರುತ್ತಿರುತ್ತದೆ. ಹಾನಬಾಳಿನಲ್ಲಿ 30 ಸೆಂಟ್ಸ್ ಆಯ್ತಂತೆ, ಹೆತ್ತೂರಿನಲ್ಲಿ ಬರೀ ಗುಡುಗಂತೆ, ಯಸಳೂರಿನಲ್ಲಿ ಒಂದು ಇಂಚು ಹೊಡೆದಿದೆಯಂತೆ. ನಮ್ಮಲ್ಲಿ ಮಳೆಯ ಲೆಕ್ಕ ಇನ್ನೂ ಇಂಚು, ಸೆಂಟ್ಸಿನಲ್ಲೇ ನಡೆಯುತ್ತದೆ. 100 ಸೆಂಟ್ಸ್ ಅಂದರೆ ಒಂದು ಇಂಚು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅದಾಗಿ ಕೆಲವು ವಾರದೊಳಗೆ ಬ್ಯಾಕಿಂಗ್ ಶವರ್ ಅನ್ನುವ ಎರಡನೇ ಮಳೆ ಬರಬೇಕು, ಇಲ್ಲದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಒಂದು ವರ್ಷದ ಫಸಲು ಈ ಎರಡು ಮಳೆಯನ್ನು ನೆಚ್ಚಿಕೊಂಡಿರುತ್ತದೆ. ಸ್ಪ್ರಿಂಕ್ಲರ್ ಇಟ್ಟುಕೊಂಡವರಿಗೂ ಅದೇ ಚಿಂತೆ. ಇವತ್ತೇ ನೀರು ಹಾರಿಸೋದಾ, ಇನ್ನೆರಡು ದಿನ ಮಳೆಗೆ ಕಾಯೋದಾ? ಪಕ್ಕದ ಊರಿನ ಮೆಸೇಜ್ ನೋಡದೆ ತೀರ್ಮಾನ ಮಾಡೋಕಾಗಲ್ಲ.

ಮನಸ್ಸು ಹತೋಟಿಯಲ್ಲಿಲ್ಲ, ಅದಕ್ಕೇ ಜನ ಮೊಬೈಲ್ ಹಿಡ್ಕೊಂಡು ಕೂರುತ್ತಾರೆ ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮದುವೆ ಮನೆಗೆ ಹೋದರೂ ಅದೇ, ಶಾಲೆಯ ಸಮಾರಂಭಕ್ಕೆ ಹೋದರೂ ಅದೇ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಕಣದಲ್ಲಿ ಕಾಫಿ ಹರಡಿ, ದಿನವಿಡೀ ಇಳಿಜಾರು ಹತ್ತಿ ಇಳಿಯುವ ಜನ ಇವರು. ಇಂಥವರೇ ರಾತ್ರಿ ಹನ್ನೊಂದಕ್ಕೆ ಎಲ್ಲಿಯವರೋ ಮೀನು ಹುರಿಯುವುದನ್ನು ನೋಡುತ್ತಾ ಕೂತಿರುತ್ತಾರೆ. ಯಾಕೆ ಅಂತ ಕೇಳಿದರೆ, ಮಳೆ ನೋಡೋಣ ಅಂತ ತೆಗೆದೆ ಅನ್ನುತ್ತಾರೆ. ಅದು ನಿಜವೇ. ಮಳೆ ನೋಡೋಕೇ ತೆಗೆದಿರುತ್ತಾರೆ. ಬೇಕಾದದ್ದೂ ಬೇಡವಾದದ್ದೂ ಒಂದೇ ಬಾಗಿಲಿಂದ ಒಳಗೆ ಬರುತ್ತಿರುವುದೇ ತೊಂದರೆಯ ಮೂಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆನೆ ವಿಷಯವನ್ನೇ ತೆಗೆದುಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟದ ನೆರಳಲ್ಲೇ ಹಗಲು ಕಳೆಯುತ್ತವೆ. ಅರಣ್ಯ ಇಲಾಖೆಯವರು ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಭೀಮ ಯಾವ ಕಡೆ ಹೋದ, ಬೀಟಮ್ಮನ ಗುಂಪು ಎಲ್ಲಿದೆ ಅನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಆನೆ ಎಲ್ಲಿದೆ ಅಂತ ತಿಳಿಯಲೇಬೇಕು. ಮಂಜು ಕವಿದ ಹೊತ್ತಿನಲ್ಲಿ ಇಪ್ಪತ್ತು ಅಡಿ ದೂರದ ಆನೆಯೂ ಕಾಣುವುದಿಲ್ಲ. ಆ ಸುದ್ದಿ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ಕೆಲಸದವರ ಲೈನ್ ಮನೆಯ ಅಂಗಳದಲ್ಲಿ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು, ಬುತ್ತಿ ಹಿಡಿದು ನಿಂತಿರುತ್ತಾರೆ. ಒಬ್ಬರು ಫೋನ್ ನೋಡಿ ಹೇಳುತ್ತಾರೆ, ‘ಕೆರೆ ಮೇಲ್ಗಡೆ ಪಟ್ಟೆಗೆ ಇವತ್ತು ಬೇಡ, ರೋಡ್ ಕೆಳಗಿಂದಕ್ಕೆ ಹೋಗೋಣ.’ ಆ ಮಾತಿನ ಮೇಲೆ ಅವರ ಜೀವ ನಿಂತಿದೆ. ಇವರಿಗೆ ಫೋನ್ ಮುಚ್ಚಿಡಿ ಅಂತ ಯಾವ ಬಾಯಲ್ಲಿ ಹೇಳುವುದು?

ಆದರೆ ಆನೆಯ ಮೆಸೇಜಿನ ಕೆಳಗೇ ಶುಭೋದಯದ ಗುಲಾಬಿ ಇರುತ್ತದೆ. ಅದರ ಕೆಳಗೆ ಯಾರದೋ ಭಾಷಣದ ತುಣುಕು. ಅದನ್ನು ಒತ್ತಿದರೆ ಇನ್ನೊಂದು ಆ್ಯಪ್ ತೆರೆದುಕೊಳ್ಳುತ್ತದೆ. ಆ ಆ್ಯಪಿನಲ್ಲಿ ಮೇಲಿಂದ ಕೆಳಗೆ ವಿಡಿಯೋಗಳು ಸಾಲಾಗಿ ಕಾದಿರುತ್ತವೆ. ಆನೆ ಎಲ್ಲಿದೆ ಅನ್ನುವುದು ಒಂದೇ ಸಾಲು, ಓದೋಕೆ ಐದು ಸೆಕೆಂಡ್ ಸಾಕು. ಅಲ್ಲಿಂದ ಹೊರಗೆ ಬರೋಕೆ ಮಾತ್ರ ಅರ್ಧ ಗಂಟೆ.

ರೇಟಿನ ಕಥೆಯೂ ಹೀಗೇ. ರೊಬಸ್ಟಾದ ಬೆಲೆಗೆ ಲಂಡನ್ ಮಾರುಕಟ್ಟೆ, ಅರೇಬಿಕಾಗೆ ನ್ಯೂಯಾರ್ಕ್. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿದಾಗ ನಮ್ಮ ಕಡೆ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ದಿನದ ವಹಿವಾಟು, ಮುಗಿಯುವುದು ನಮ್ಮ ಊಟದ ಹೊತ್ತು ಕಳೆದ ಮೇಲೆ. ಇವತ್ತು ಮಾರೋದಾ, ನಾಳೆಗೆ ಬಿಡೋದಾ? 50 ಕಿಲೋ ಚೀಲಕ್ಕೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ನೋಡದೆ ಮಲಗುವುದು ಕಷ್ಟ. ಮಲಗುವ ಹೊತ್ತಿಗೆ ಕೈಗೆ ಫೋನ್ ಬಂದದ್ದು ಹೀಗೆ.

ಮಳೆ, ಆನೆ, ರೇಟು. ಈ ಮೂರೂ ಯಾವಾಗ ಬರುತ್ತವೆ, ಹೇಗೆ ಬರುತ್ತವೆ ಅಂತ ಯಾರಿಗೂ ಹೇಳೋಕಾಗಲ್ಲ. ಹತ್ತು ಸಲ ನೋಡಿದರೆ ಒಂಬತ್ತು ಸಲ ಏನೂ ಇರುವುದಿಲ್ಲ. ಹತ್ತನೇ ಸಲ ‘ನಮ್ಮಲ್ಲಿ 80 ಸೆಂಟ್ಸ್’ ಅಂತ ಇರುತ್ತದೆ, ಮೈ ಜುಂ ಅನ್ನುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಇದನ್ನೇ ಪ್ರಯೋಗ ಮಾಡಿ ನೋಡಿದ್ದರು. ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆ. ಲೆಕ್ಕ ಹಾಕಿ ಇಷ್ಟು ಕುಕ್ಕಿದರೆ ಒಂದು ಕಾಳು ಅಂತ ಕೊಟ್ಟರೆ ಕಾಳು ಸಿಕ್ಕ ಮೇಲೆ ಹಕ್ಕಿ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಕುಕ್ಕಿಗೆ ಕಾಳು ಅಂತ ಗೊತ್ತಾಗದ ಹಾಗೆ ಮಾಡಿದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ಕೊಡುವುದನ್ನು ಪೂರ್ತಿ ನಿಲ್ಲಿಸಿದರೂ ಬಹಳ ಹೊತ್ತು ಬಿಡುವುದಿಲ್ಲ.

ಇದರ ಒಳಗಿನ ಕೆಲಸ ಹೇಗೆ ಅನ್ನುವುದನ್ನು 1990ರ ದಶಕದಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳಲ್ಲಿ ನೋಡಿದರು. ದೀಪ ಹತ್ತಿದ ಮೇಲೆ ಹಣ್ಣಿನ ರಸ ಸಿಗುತ್ತದೆ ಅಂತ ಕೋತಿ ಕಲಿಯಿತು. ಕಲಿತ ಮೇಲೆ ಮಿದುಳಿನ ಡೋಪಮೈನ್ ಕೋಶಗಳು ರಸ ಸಿಕ್ಕಾಗ ಮಿಡಿಯುತ್ತಿರಲಿಲ್ಲ, ದೀಪ ಕಂಡಾಗಲೇ ಮಿಡಿಯುತ್ತಿದ್ದವು. ಅಂದರೆ ಸಿಗಬಹುದು ಅನ್ನುವ ಸೂಚನೆಗೇ ಮಿದುಳು ಎದ್ದು ಕೂರುತ್ತದೆ. ಫೋನಿನ ಟಿಂಗ್ ಶಬ್ದ, ಆ ಕೆಂಪು ಚುಕ್ಕೆ, ಇವೆಲ್ಲ ಆ ದೀಪದ ಕೆಲಸ ಮಾಡುತ್ತವೆ.

ಬೆಳೆಗಾರನ ಬದುಕೇ ಕಾಯುವ ಬದುಕು. ಮಳೆಗೆ, ಹೂವಿಗೆ, ರೇಟಿಗೆ ಕಾದು ಕಾದು ನಮ್ಮ ಮನಸ್ಸು ಮೊದಲೇ ಆ ಪಾಠ ಕಲಿತಿರುತ್ತದೆ. ತಿಂಗಳ ಮೊದಲನೇ ತಾರೀಕಿಗೆ ಸಂಬಳ ಬರುವವರಿಗಿಂತ ನಾವು ಬೇಗ ಸಿಕ್ಕಿಬೀಳುತ್ತೇವೆ ಅಂತ ನನ್ನ ಅನಿಸಿಕೆ. ಅಂಗಡಿಯವರಿಗೂ ಹೀಗೇ ಇರಬಹುದು, ಮೀನು ಹಿಡಿಯುವವರಿಗೂ ಇರಬಹುದು.

ಇನ್ನು ಆ ಬಾಗಿಲ ಒಳಗೆ ಏನಿದೆ ಅಂತ ನೋಡೋಣ. 2006ರಲ್ಲಿ ಏಝಾ ರಾಸ್ಕಿನ್ ಅನ್ನುವವರು ಪುಟ ಕೊನೆಯಾಗದ ಹಾಗೆ, ಕೆಳಗೆ ಹೋದಷ್ಟೂ ಹೊಸದು ಬಂದು ಸೇರುವ ಹಾಗೆ ಒಂದು ವಿನ್ಯಾಸ ಮಾಡಿದರು. ಆಮೇಲೆ ಅವರೇ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಅದೇ ವರ್ಷ ಫೇಸ್‌ಬುಕ್ಕಿಗೆ ನ್ಯೂಸ್ ಫೀಡ್ ಬಂತು. 2009ರಲ್ಲಿ ಲೈಕ್ ಗುಂಡಿ ಬಂತು. ಬೆರಳಿಂದ ಕೆಳಗೆಳೆದು ಬಿಟ್ಟರೆ ಹೊಸದು ಬರುವ ಉಪಾಯವನ್ನು ಲೊರೆನ್ ಬ್ರಿಕ್ಟರ್ ಅನ್ನುವವರು ಸುಮಾರು ಅದೇ ಹೊತ್ತಿಗೆ ಟ್ವೀಟಿ ಅನ್ನುವ ಆ್ಯಪಿಗೆ ಮಾಡಿದರು. ಇವರು ಯಾರೂ ನಮ್ಮನ್ನು ಕೆಡಿಸಬೇಕು ಅಂತ ಹೊರಟವರಲ್ಲ. ಒಂದೊಂದನ್ನೇ ನೋಡಿದರೆ ಅನುಕೂಲವೇ. ಎಲ್ಲವೂ ಒಂದೇ ಕಡೆ ಸೇರಿದಾಗ ನಿಲ್ಲಿಸುವ ಜಾಗವೇ ಉಳಿಯಲಿಲ್ಲ.

ನಮ್ಮ ಊಟದ ಪಂಕ್ತಿಯಲ್ಲಿ ಎಷ್ಟೇ ಬಗೆ ಬಡಿಸಿದರೂ ಕೊನೆಗೆ ಮಜ್ಜಿಗೆ ಬರುತ್ತದೆ. ಮಜ್ಜಿಗೆ ಬಂತು ಅಂದರೆ ಊಟ ಮುಗೀತು, ಇನ್ನು ಏಳಬೇಕು. ಯಾರೂ ಹೇಳಬೇಕಾಗಿಲ್ಲ. ಹೊಟ್ಟೆ ತುಂಬಿದ್ದು ಗೊತ್ತಾಗದಿದ್ದರೂ ಮಜ್ಜಿಗೆ ಬಂದದ್ದು ಗೊತ್ತಾಗುತ್ತದೆ. ರೀಲ್ಸಿಗೆ ಮಜ್ಜಿಗೆ ಇಲ್ಲ. ಪಲ್ಯ, ಕೋಸಂಬರಿ, ಹೋಳಿಗೆ, ಮತ್ತೆ ಪಲ್ಯ, ಮತ್ತೆ ಹೋಳಿಗೆ. ಏಳುವುದು ಯಾವಾಗ ಅಂತ ತೀರ್ಮಾನ ಮಾಡುವ ಭಾರ ಪೂರ್ತಿ ಉಣ್ಣುವವನ ಮೇಲೆ. ದಿನವಿಡೀ ದಣಿದ ಮನುಷ್ಯ ರಾತ್ರಿ ಹನ್ನೊಂದಕ್ಕೆ ಆ ತೀರ್ಮಾನ ಮಾಡಬೇಕು. ಇದನ್ನು ಮನೋಬಲದ ಕೊರತೆ ಅಂತ ಕರೆಯುವುದು ಅನ್ಯಾಯ.

ಬಡಿಸುವವರು ಯಾಕೆ ನಿಲ್ಲಿಸುವುದಿಲ್ಲ ಅನ್ನುವುದಕ್ಕೆ ಉತ್ತರ ಸರಳ. 2023ರಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪಿನ ಮಾಲೀಕ ಕಂಪನಿ ಮೆಟಾದ ವರಮಾನ ಸುಮಾರು 135 ಬಿಲಿಯನ್ ಡಾಲರ್. ಅದರಲ್ಲಿ ಸುಮಾರು 132 ಬಿಲಿಯನ್ ಜಾಹೀರಾತಿನಿಂದ ಬಂದದ್ದು. ನಾವು ಜಾಸ್ತಿ ಹೊತ್ತು ಕೂತಷ್ಟೂ ಜಾಸ್ತಿ ಜಾಹೀರಾತು. ಮಾಹಿತಿ ಹೆಚ್ಚಾದಷ್ಟೂ ಗಮನಕ್ಕೆ ಬಡತನ ಬರುತ್ತದೆ ಅಂತ ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ಆಗ ಇಂಟರ್‌ನೆಟ್ಟೂ ಇರಲಿಲ್ಲ, ಫೇಸ್‌ಬುಕ್ಕೂ ಇರಲಿಲ್ಲ.

ಸುಮ್ನೆ ಕೂರುವುದು ಮನುಷ್ಯನಿಗೆ ಕಷ್ಟ ಅನ್ನುವುದೂ ನಿಜ. 2014ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು ಜನರನ್ನು ಒಂದು ಖಾಲಿ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂರಿಸಿದರು. ಕೈಯಲ್ಲಿ ಏನೂ ಇಲ್ಲ. ಒಂದು ಗುಂಡಿ ಮಾತ್ರ, ಒತ್ತಿದರೆ ಕರೆಂಟ್ ಹೊಡೆಯುತ್ತದೆ. ಆ ಶಾಕ್ ತಪ್ಪಿಸಿಕೊಳ್ಳೋಕೆ ದುಡ್ಡು ಬೇಕಾದರೂ ಕೊಡುತ್ತೇವೆ ಅಂತ ಮೊದಲು ಹೇಳಿದ್ದವರು ಇವರು. ಅವರಲ್ಲಿ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಂದು ಸಲವಾದರೂ ಒತ್ತಿಕೊಂಡರು. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಹೆತ್ತೂರು ಬಸ್ಸಿಗೆ ಕಾಯುವವರನ್ನು ನೋಡಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಮೊದಲು ಪಕ್ಕದವರನ್ನು ‘ಯಾವೂರಾಯ್ತು?’ ಅಂತ ಕೇಳುತ್ತಿದ್ದರು. ಆ ಮಾತು ಯಾವಾಗಲೂ ಚೆನ್ನಾಗೇ ಇರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಬಸ್ ಬಂದ ಕೂಡಲೇ ಮಾತು ಮುಗಿಯುತ್ತಿತ್ತು.

ಫೋನ್ ನೋಡುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ವಯಸ್ಸಾದವರು ಮಾತ್ರ ಇದ್ದಾರೆ. ಪಕ್ಕದ ತೋಟದ ದೊಡ್ಡಮ್ಮನವರ ಮಗ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದಾನೆ. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರ ಮನೆಗೆ ಹೋದಾಗ, ಕನ್ನಡಕ ಏರಿಸಿಕೊಂಡು ಮಗನ ಹೆಸರು ತೆರೆದು, ಅದರ ಕೆಳಗಿನ ಸಣ್ಣ ಅಕ್ಷರ ಓದುತ್ತಿದ್ದರು.

‘ಫೋನ್ ಮಾಡಿ ಮಾತಾಡಬಹುದಲ್ಲ ದೊಡ್ಡಮ್ಮ?’ ಅಂದೆ.

‘ಡ್ಯೂಟಿ ಮುಗ್ಸಿ ಈಗ ಮಲಗಿರ್ತಾನೆ ಕಣಪ್ಪ. ಯಾಕೆ ಎಬ್ಸೋದು? ಲಾಸ್ಟ್ ಸೀನ್ ಆರೂಕಾಲು ಅಂತ ಐತೆ. ಅಂದ್ರೆ ರೂಮು ಸೇರ್ಕೊಂಡವ್ನೆ.’

ಆ ನೋಟಕ್ಕೆ ಚಟ ಅಂತ ಹೆಸರಿಡೋಕೆ ನನ್ನಿಂದ ಆಗುವುದಿಲ್ಲ. ಮಗ ಸುಖವಾಗಿ ಮನೆ ಸೇರಿದ ಅಂತ ತಾಯಿಗೆ ಗೊತ್ತಾಗುವ ದಾರಿ ಅದು. ಆದರೆ ಅಲ್ಲೂ ಅದೇ ಬಾಗಿಲು. ಮಗನ ಸ್ಟೇಟಸ್ ನೋಡಿದ ಮೇಲೆ ತಂಗಿ ಮಗಳದ್ದು, ಆಮೇಲೆ ಮಂಡಿನೋವಿಗೆ ಯಾವುದೋ ಸೊಪ್ಪಿನ ವಿಡಿಯೋ, ಆಮೇಲೆ ಯಾವ ಊರಿನದೋ ಅಪಘಾತ. ಕೋಳಿಗೂಡಿನ ಬಾಗಿಲು ತೆಗೆಯುವಾಗ ಬಿಸಿಲು ಬಂದಿರುತ್ತದೆ. ‘ತಲೆ ಭಾರ ಆಗುತ್ತೆ ಕಣಪ್ಪ, ಯಾಕಾದ್ರೂ ನೋಡಿದ್ನೋ ಅನ್ಸುತ್ತೆ’ ಅಂತ ಅವರೇ ಹೇಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ಆರೂಕಾಲು ಅನ್ನುವ ಒಂದು ಮಾತು.

ತಲೆ ಭಾರ ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಒಂದು ವಿಷಯ ತೋರಿಸಿದರು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದಷ್ಟು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸ ಕೆಡುತ್ತದೆ. ಫೀಡ್ ನೋಡುವುದು ಯಾವತ್ತೂ ಮುಗಿಯುವ ಕೆಲಸವಲ್ಲ. ಹಾಗಾದರೆ ಅಲ್ಲಿಂದ ಎದ್ದಾಗಲೆಲ್ಲ ನಾವು ಅರ್ಧಕ್ಕೇ ಎದ್ದ ಹಾಗಾಯಿತು, ಅಲ್ವಾ?

ಇದು ತೋಟದಲ್ಲಿ ಹೇಗೆ ಕಾಣುತ್ತದೆ ಅಂತ ಹೇಳಬೇಕು. ಅರೇಬಿಕಾ ಇರುವ ಕಡೆ ಮಾರ್ಚಿನಲ್ಲಿ ಮತ್ತು ಸೆಪ್ಟೆಂಬರಿನಲ್ಲಿ ಬೋರರ್ ಹುಡುಕುವ ಕೆಲಸ ಇರುತ್ತದೆ. ಬಿಳಿ ಕಾಂಡಕೊರಕದ ಹುಳ ಕಾಂಡದ ಒಳಗೆ ಸುರಂಗ ಕೊರೆದುಕೊಂಡು ಹೋಗುತ್ತದೆ. ಹೊರಗೆ ಕಾಣುವುದು ಸ್ವಲ್ಪ ಹಳದಿಯಾದ ಎಲೆ, ತೊಗಟೆಯ ಮೇಲೆ ಉಬ್ಬಿದ ಒಂದು ಗೆರೆ, ಅಷ್ಟೇ. ನಮ್ಮಲ್ಲಿ ಈ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಗಿಡದ ಬುಡಕ್ಕೆ ಬಗ್ಗಿ, ಹಾವಸೆ ಒರೆಸಿ, ಹೆಬ್ಬೆರಳನ್ನು ಕಾಂಡದ ಸುತ್ತ ನಿಧಾನವಾಗಿ ಓಡಿಸುತ್ತಾರೆ. ಕಣ್ಣಿಗೆ ಕಾಣದ ಗೆರೆ ಬೆರಳಿಗೆ ಸಿಗುತ್ತದೆ. ಸಿಕ್ಕರೆ ಗಿಡಕ್ಕೊಂದು ಗುರುತು ಮಾಡಿ ಮುಂದಿನ ಗಿಡಕ್ಕೆ ಹೋಗುತ್ತಾರೆ. ಗುರುತು ಮಾಡಿದ್ದನ್ನು ಕಿತ್ತು ಸುಡಬೇಕು. ಒಂದು ಗಿಡ ತಪ್ಪಿಹೋದರೆ ಏಪ್ರಿಲ್ ಮೇ ಹೊತ್ತಿಗೆ ದುಂಬಿ ಹೊರಗೆ ಬಂದು, ಬಿಸಿಲು ಬೀಳುವ ಗಿಡಗಳ ತೊಗಟೆ ಸಂದಿಯಲ್ಲಿ ಮೊಟ್ಟೆ ಇಡುತ್ತದೆ.

ಅವರು ಆ ಕೆಲಸದ ದಿನ ಫೋನನ್ನು ಬುತ್ತಿ ಚೀಲದಲ್ಲಿ ಹಾಕಿ ಸಿಲ್ವರ್ ಮರದ ಕೊಂಬೆಗೆ ನೇತುಹಾಕುತ್ತಾರೆ. ‘ಜೇಬಲ್ಲಿದ್ರೆ ಕೈ ಅಲ್ಲಿಗೇ ಹೋಗುತ್ತೆ ಸಾರ್. ಆಮೇಲೆ ಗಿಡ ಮುಟ್ಟಿದ್ರೂ ಮುಟ್ಟಿದಂಗಾಗಲ್ಲ’ ಅಂದರು. ಆನೆ ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ. ‘ಕೆಲಸ ನೋಡ್ಕೊಳ್ಳೋ ರೈಟರು ಕೂಗ್ತಾರೆ. ಇಲ್ಲಾಂದ್ರೆ ಫೋನ್ ಬಡ್ಕೊಳ್ಳುತ್ತಲ್ಲ, ಕೇಳ್ಸುತ್ತೆ. ಮೆಸೇಜ್ ಆದ್ರೆ ನೋಡ್ಬೇಕು, ಫೋನಾದ್ರೆ ಕೇಳುದ್ರೆ ಸಾಕು.’

ಈ ಒಂದು ಮಾತು ನನ್ನ ಯೋಚನೆಯನ್ನೇ ಬೇರೆ ದಾರಿಗೆ ತಿರುಗಿಸಿತು. ತಮಿಳುನಾಡಿನ ವಾಲ್ಪಾರೈ ಬೆಟ್ಟದಲ್ಲಿ ಟೀ ತೋಟಗಳ ನಡುವೆ ಆನೆಗಳ ಕಾಟ ನಮ್ಮ ಹಾಗೇ ಇದೆ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಅರಣ್ಯ ಇಲಾಖೆಯ ಜೊತೆ ಸೇರಿ ಎತ್ತರದ ಜಾಗಗಳಲ್ಲಿ ಕೆಂಪು ದೀಪ ಹಾಕಿಸಿದರು. ಹತ್ತಿರದಲ್ಲಿ ಆನೆ ಇದ್ದರೆ ಮೊಬೈಲಿಂದ ಒಂದು ಕರೆ ಮಾಡಿ ಆ ದೀಪ ಹತ್ತಿಸುತ್ತಾರೆ. ಜೊತೆಗೆ ಎಸ್ಸೆಮ್ಮೆಸ್ ಹೋಗುತ್ತದೆ. ಈ ಉಪಾಯ ಆಮೇಲೆ ನಮ್ಮ ಹಾಸನ ಜಿಲ್ಲೆಗೂ ಬಂತು. ಎಸ್ಸೆಮ್ಮೆಸ್, ಧ್ವನಿ ಕರೆ, ದೀಪ, ಮೂರೂ. ಕೆಲಸ ಮುಗಿಸಿ ಬರುವ ಹೆಂಗಸು ದೂರದಿಂದ ಕೆಂಪು ದೀಪ ನೋಡುತ್ತಾಳೆ, ಬಳಸು ದಾರಿ ಹಿಡಿಯುತ್ತಾಳೆ. ಆ ದೀಪದ ಕೆಳಗೆ ಗುಲಾಬಿ ಹೂವಿಲ್ಲ, ಭಾಷಣವಿಲ್ಲ. ಅದನ್ನು ಎಷ್ಟು ಹೊತ್ತು ನೋಡಿದರೂ ಅದು ಹೇಳುವುದು ಒಂದೇ ವಿಷಯ. ಜೀವ ಉಳಿಸುವ ಸುದ್ದಿ ರೀಲ್ಸಿನ ಬಾಗಿಲಿಂದಲೇ ಬರಬೇಕಾಗಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾಗಿ ನಾನು ಈಗ ಮಳೆ ಲೆಕ್ಕ ಕೇಳಲು ಹಾನಬಾಳಿನ ಗೆಳೆಯರಿಗೆ ಸಂಜೆ ಫೋನ್ ಮಾಡುತ್ತೇನೆ. ಎರಡು ನಿಮಿಷದ ಮಾತು. ಮಳೆ ಎಷ್ಟು, ಹೂ ಹೇಗಿದೆ, ಅಮ್ಮ ಹೇಗಿದ್ದಾರೆ. ವಾಟ್ಸಾಪ್ ಗ್ರೂಪುಗಳ ಸದ್ದು ನಿಲ್ಲಿಸಿ, ಕರೆಗಳಿಗೆ ಮಾತ್ರ ಗಂಟೆ ಬಿಟ್ಟಿದ್ದೇನೆ. ಇದು ಎಲ್ಲರಿಗೂ ಆಗುವ ಕೆಲಸ ಅಂತ ಹೇಳುವುದಿಲ್ಲ. ಕೂಲಿಗೆ ಹೋಗುವವರಿಗೆ ನಾಳೆ ಯಾವ ತೋಟ ಅನ್ನುವ ಸುದ್ದಿಯೂ ಅಲ್ಲೇ ಬರುತ್ತದೆ. ಸುದ್ದಿ ಕಳಿಸುವವರು ದಾರಿ ಬದಲಿಸದೆ ನೋಡುವವರೊಬ್ಬರೇ ಎಷ್ಟು ಅಂತ ಹೋರಾಡುತ್ತಾರೆ?

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಮಕ್ಕಳ ವಿಷಯದಲ್ಲಿ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಪಾಠಕ್ಕಾಗಿ ಮನೆಮನೆಯಲ್ಲಿ ಮಕ್ಕಳ ಕೈಗೆ ಫೋನ್ ಕೊಟ್ಟರು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಮಕ್ಕಳು ದಿಬ್ಬ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದರು. ಅದೇ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧ ಆಯಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸನ್ನು ಮೊದಲು ಭಾರತದಲ್ಲೇ ಬಿಟ್ಟಿತು. ಪಾಠಕ್ಕೆ ಅಂತ ಫೋನ್ ಬಂದ ತಿಂಗಳುಗಳಲ್ಲೇ ಇವೂ ಬಂದವು. ಶಾಲೆ ಮತ್ತೆ ತೆರೆಯಿತು. ಹೋಂವರ್ಕ್ ಮಾತ್ರ ಎಷ್ಟೋ ಕಡೆ ವಾಟ್ಸಾಪಿನಲ್ಲೇ ಉಳಿದುಬಿಟ್ಟಿತು. ಹತ್ತು ವರ್ಷದ ಮಗು ಮೂರು ಲೆಕ್ಕ ಯಾವುದು ಅಂತ ನೋಡೋಕೆ ಫೋನ್ ತೆಗೆಯಬೇಕು. ದೊಡ್ಡವರೇ ಹೊರಗೆ ಬರಲಾರದ ಬಾಗಿಲೊಳಗೆ ದಿನಾ ಸಂಜೆ ನಾವೇ ಮಕ್ಕಳನ್ನು ಕಳಿಸುತ್ತಿದ್ದೇವೆ. ಆಮೇಲೆ ಮೊಬೈಲ್ ಬಿಡಲ್ಲ ಅಂತ ಬೈಯುತ್ತೇವೆ.

ನಮ್ಮ ಹುಡುಗಿ ಹೋಗುವ ಶಾಲೆಯಲ್ಲಿ ಪೋಷಕರ ಸಭೆ ಇದ್ದಾಗ ನಾನು ಎದ್ದು ನಿಂತು ಇದನ್ನೇ ಕೇಳಿದೆ. ಹೋಂವರ್ಕನ್ನು ಬೋರ್ಡ್ ಮೇಲೆ ಬರೆಯಿರಿ, ಮಕ್ಕಳು ಡೈರಿಗೆ ಬರೆದುಕೊಳ್ಳಲಿ, ವಾಟ್ಸಾಪಿಗೆ ರಜೆಯ ಸುದ್ದಿ, ಬಸ್ಸಿನ ಸುದ್ದಿ ಇಷ್ಟೇ ಹಾಕಿ ಅಂತ. ಕೆಲವರು ತಲೆಯಾಡಿಸಿದರು. ಒಬ್ಬ ತಾಯಿ, ‘ನಮ್ಮವ್ನು ಬರ್ಕೊಂಡೇ ಬರಲ್ಲ ಮಿಸ್, ಗ್ರೂಪಲ್ಲಿ ಹಾಕಿದ್ರೆ ನಮಗಾದ್ರೂ ಗೊತ್ತಾಗುತ್ತೆ’ ಅಂದರು. ಅವರು ಹೇಳಿದ್ದರಲ್ಲೂ ನಿಜ ಇತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯದು. ಟೀಚರ್ ಸ್ವಲ್ಪ ಯೋಚಿಸಿ, ನಾಲ್ಕು ಮತ್ತು ಐದನೇ ಕ್ಲಾಸಿಗೆ ದಸರಾ ರಜೆಯವರೆಗೆ ಡೈರಿ ಮಾಡಿ ನೋಡೋಣ, ಪ್ರತಿ ಸಂಜೆ ಪೋಷಕರು ಸಹಿ ಹಾಕಿ ಕಳಿಸಬೇಕು, ಬರೆದುಕೊಂಡು ಬರದ ಮಕ್ಕಳ ಮನೆಗೆ ತಾವೇ ಫೋನ್ ಮಾಡಿ ಹೇಳುತ್ತೇವೆ ಅಂದರು. ಸಭೆ ಮುಗಿದ ಮೇಲೆ ಆ ತಾಯಿ ನನ್ನ ಹತ್ತಿರ ಬಂದು, ಅವರ ಮಗ ಡೈರಿ ತರುವುದು ಮರೆತ ದಿನ ನಮ್ಮ ಹುಡುಗಿಯನ್ನು ಕೇಳಬಹುದಾ ಅಂತ ವಿಚಾರಿಸಿದರು. ಎರಡು ಮನೆಗೂ ನಡುವೆ ಒಂದು ಗದ್ದೆ ಅಷ್ಟೇ. ಖಂಡಿತ ಕಳಿಸಿ ಅಂದೆ.